ಎಂಟನೆಯ ಏಟು ನುಂಗಿದ ಜಪಾನಿ ಪ್ಲೇಟು

ಸಂಗೀತಕ್ಕೆ ದೇಶಭಾಷೆಗಳ ಗಡಿಯಿಲ್ಲವೆಂದು ತಿಳಿದವರೆಲ್ಲ ಹೇಳಿದ್ದಾರೆ. ಅವರಲ್ಲಿ ಒಬ್ಬರೂ ತುಮಕೂರಿನ ನಮ್ಮ ಭಾನುವಾರದ ಸಂಗೀತ ಕೂಟದ ಮೆಂಬರಾಗಿರಲಿಲ್ಲ.

ಸಮಾಚಾರ ಇಷ್ಟು. ಹಡಗಿನಲ್ಲಿ ಇಂಜಿನಿಯರಾಗಿರುವ ನನ್ನ ಭಾವಮೈದ ರಜಕ್ಕೆ ಕುಣಿಗಲ್ಲಿಗೆ ಬಂದಾಗ ಜಪಾನಿನಿಂದ ಮೂರು ಎಲ್‌ಪಿ ಪ್ಲೇಟು ತಂದುಕೊಟ್ಟ. ನಾನು ಕೇಳಿದ್ದು ಟ್ರಾನ್ಸಿಸ್ಟರ್. ("ಟ್ರಾನ್ಸಿಸ್ಟರ್ ಎಲ್ಲಾರ್ ಮನೇಲೂ ಇರ್ತದೆ ಭಾವ. ಇದು ಇಡೀ ತುಮ್ಕೂರಲ್ಲಿ ಯಾರತ್ರಾನೂ ಇಲ್ಲ" ಎಂದ. ನಿಜ. ಬೇಕೆಂದು ಯಾರೂ ಕೇಳಿಯೂ ಇರಲಿಲ್ಲ.) ಕವರಿನ ಮೇಲಿನ ಒಂದಕ್ಷರವೂ ಅರ್ಥವಾಗಲಿಲ್ಲ. ಪ್ರೋಗ್ರೆಸಿವ್ ರಾಕ್, ಫ್ಯೂಷನ್ ಎಂದು ಅವನೇ ವಿವರಿಸಿದ. ಅದೂ ಅರ್ಥವಾಗಲಿಲ್ಲ.

ನನ್ನ ಮನೆಯಲ್ಲಿ ರೆಕಾರ್ಡ್ ಪ್ಲೇಯರ್ ಇಲ್ಲ. ಕೂಟದಲ್ಲಿ ಒಂದಿದೆ. ಅದರ ರಕ್ಷಕರು ಸೆಕ್ರೆಟರಿ ಶಾಮಣ್ಣನವರು, ನಿವೃತ್ತ ಶಿರಸ್ತೇದಾರರು. ಪ್ಲೇಟು ಯಾವುದೇ ಇರಲಿ, ಅವರು ತೊಡೆಯ ಮೇಲೆ ಆದಿತಾಳ ಹಾಕುತ್ತಾರೆ. ಎಂಟು ಏಟು. ಹೆಚ್ಚಿಲ್ಲ, ಕಮ್ಮಿಯಿಲ್ಲ.

ಮೊದಲನೆಯ ಜಪಾನಿ ಪ್ಲೇಟು ಹಾಕಿದೆವು. ಕೊಳಲಿನಂಥದ್ದೊಂದು ಒಂಟಿಯಾಗಿ ನುಡಿಯಿತು. ಆಮೇಲೆ ಡ್ರಮ್ಮು, ಗಿಟಾರು, ಆರ್ಗನ್ನು ಒಟ್ಟಿಗೆ ಮುಗಿಬಿದ್ದವು. ನನ್ನ ರೋಮ ನಿಂತಿತು. ಶಾಮಣ್ಣನವರ ಕೈ ನಿಂತಿತು.

"ಸ್ವಾಮಿ, ನಿಮ್ ಪ್ಲೇಟು ಗೀರಿದೆ. ಮುಳ್ಳು ಹಾರ್ತಾ ಇದೆ. ಪ್ರತಿ ಸಲಾನೂ ಎಂಟನೇ ಏಟು ನುಂಗ್ತದೆ!"

"ಹೊಸ ಪ್ಲೇಟು ಸಾರ್. ಗೀರು ಎಲ್ಲಿದೆ ತೋರಿಸಿ."

"ಕಣ್ಣಿಗೆ ಕಾಣ್ದಿರೋ ಗೀರೇ ಡೇಂಜರು ಕಣ್ರೀ."

ಗೀರಿದ ಪ್ಲೇಟಿನಿಂದ ಮುಳ್ಳು ಹಾಳು. ಹೊಸ ಮುಳ್ಳಿಗೆ ಬೆಂಗಳೂರಿಗೇ ಹೋಗಬೇಕು. ಪ್ಲೇಟು ಹಾಕಿದ ನಾಲ್ಕೇ ನಿಮಿಷದಲ್ಲಿ ಅದನ್ನು ನಿಲ್ಲಿಸಿ ಠರಾವು ಪಾಸಾಯಿತು: ಮೂರು ಜಪಾನಿ ಪ್ಲೇಟುಗಳಿಗೂ ನಿಷೇಧ. (ಇನ್ನೆರಡನ್ನು ಕವರಿನಿಂದ ತೆಗೆದೇ ಇರಲಿಲ್ಲ. ಶಿರಸ್ತೇದಾರಿಕೆ ಎಂದರೆ ಅದು.)

ಅಂಥ ಸಂಗೀತವನ್ನು ನಾಲ್ಕು ನಿಮಿಷ ಕೇಳಿಸಿ ಕಿತ್ತುಕೊಂಡರೆ ಮನುಷ್ಯ ಏನು ಮಾಡಬೇಕು? ನಾನು ಅಪೀಲು ಹೋದೆ. ಗೀರಿಲ್ಲವೆಂದು ತೋರಿಸಲು, ಪ್ಲೇಟಿನ ಒಂದು ಬದಿಗೆ ಕೊನೆಯವರೆಗೂ ತಪ್ಪದೆ ತಾಳ ಹಾಕುವವರನ್ನು ಕರೆತರುತ್ತೇನೆ, ತಪ್ಪಿದರೆ ಕೂಟಕ್ಕೆ ರಾಜೀನಾಮೆ ಎಂದೆ.

"ಎಲ್ಲಿಂದ ಕರ್ಕೊಂಬರ್ತೀರಿ, ಜಪಾನಿಂದ್ಲಾ?" ಎಂದರು ಶಾಮಣ್ಣನವರು. ಎಲ್ಲರೂ ನಕ್ಕರು. ಒಂದೇ ಬದಿಗೆ, ಒಂದೇ ಸಲಕ್ಕೆ ಅನುಮತಿ ಸಿಕ್ಕಿತು.

ಗುಬ್ಬಿಯಿಂದ ಕರೆತಂದೆ. ಖಾದರ್ ಸಾಬರು ಮೂವತ್ತು ವರ್ಷ ನಾಟಕದ ಕಂಪನಿಯಲ್ಲಿ ತಬಲ ನುಡಿಸಿದವರು. ಈಗ ಸೈಕಲ್ ಅಂಗಡಿ ಇಟ್ಟಿದ್ದಾರೆ. ಕಳೆದ ಭಾನುವಾರ ಬಸ್ಸಿಳಿದು ಬಂದವರು ಕಾಫಿ ಕುಡಿದು, ಚಾಪೆಯ ಮೇಲೆ ಕುಳಿತು, ಕಣ್ಣು ಮುಚ್ಚಿದರು.

ಕೊಳಲು ಮುಗಿದು ಡ್ರಮ್ಮು ಶುರುವಾಯಿತು. ಸಾಬರು ಎರಡು ಸುತ್ತು ಸುಮ್ಮನೆ ಕೇಳಿದರು. ಮೂರನೆಯದಕ್ಕೆ ಕೈ ತೊಡೆ ತಟ್ಟಿತು.

"ತಕಿಟ ತಕಧಿಮಿ... ಇದ್ಯಾವ ಗೀರು ಸ್ವಾಮಿ? ಮಿಶ್ರಛಾಪು! ಇರೋದೇ ಏಳು ಏಟು. ಎಂಟನೇದು ಇದ್ರೆ ತಾನೆ ನುಂಗೋದು?"

ನಡುವೆ ತಾಳ ಐದಕ್ಕೆ ಹೊರಳಿತು. ಸಾಬರ ಕೈಯೂ ಹೊರಳಿತು. ಆಮೇಲೆ ಉಳಿದವರೆಲ್ಲ ನಿಂತು, ಡ್ರಮ್ಮಿನವನೊಬ್ಬನೇ ಊರೆಲ್ಲ ಸುತ್ತತೊಡಗಿದ. ಎಲ್ಲರೂ ಬಂದು ಸೇರಬೇಕಾದ ಆ ಮೊದಲ ಏಟು, ಸಮ, ಎಲ್ಲಿ? ನಮಗೆ ಯಾರಿಗೂ ತಿಳಿಯದು. ಶಾಮಣ್ಣನವರು ಆಸೆಯಿಂದ ಮುಂದಕ್ಕೆ ಬಾಗಿದರು. ನನ್ನ ರಾಜೀನಾಮೆ ಜೇಬಿನಲ್ಲಿತ್ತು. (ಬೆವರಿಗೆ ಇಂಕು ಹರಡಿತ್ತು.)

ಸಾಬರು ಕೈ ಮೇಲೆತ್ತಿದರು. "ಈಗ ಬತ್ತಾರೆ ನೋಡಿ."

ಕೈ ಬಿತ್ತು. ಅದೇ ಏಟಿಗೆ ಇಡೀ ಜಪಾನು ಬಂದು ಬಿತ್ತು!

ನಮ್ಮ ಕೂಟದಲ್ಲಿ ಅಂಥ ಚಪ್ಪಾಳೆ ನಾನು ಕೇಳಿದ್ದಿಲ್ಲ. ಅದರ ಗದ್ದಲದಲ್ಲೂ ಸಾಬರು ತಾಳ ಬಿಡಲಿಲ್ಲ. ಮುಳ್ಳು ಕೊನೆಯ ಗೆರೆ ಮುಟ್ಟಿದ ಮೇಲೆಯೇ ಕಣ್ಣು ಬಿಟ್ಟರು.

"ಹೆಂಗ್ ಹಿಡಿದ್ರಿ ಸಾಬ್ರೇ?" ಶಾಮಣ್ಣನವರ ದನಿ ಮೆತ್ತಗಾಗಿತ್ತು.

"ನಮ್ ಕಂಪ್ನೀಲಿ ರಾಜಾಪಾರ್ಟಿನವನು ಹಾಡು ಮರ್ತು ಎಲ್ಲೆಲ್ಲಿಗೋ ಹೊಂಟೋಗೋನು. ಅವನ್ನ ಹಿಡ್ಕಂಡ್ ಬಂದು ಸಮಕ್ಕೆ ಕೂರಿಸ್ತಿದ್ದೆ. ಇವ್ರು ಪಾಪ ಒಳ್ಳೆ ಜನ, ತಾವಾಗೇ ಬತ್ತಾರೆ. ಇನ್ನೊಂದ್ ಬದಿ ಹಾಕಿ ಸ್ವಾಮಿ!"

ಹಾಕಿದವರು ಶಾಮಣ್ಣನವರೇ.

ನಮ್ಮ ಎಣಿಕೆಗೆ ಸಿಗದ್ದನ್ನೆಲ್ಲ ಗೀರು ಬಿದ್ದದ್ದು ಎನ್ನುವುದು ಅವರೊಬ್ಬರ ಅಭ್ಯಾಸವೇ? ನನ್ನ ಮಗ ಬೆಲ್‌ಬಾಟಮ್ ಹೊಲಿಸಿಕೊಂಡು ಬಂದಾಗ, ಅಳತೆ ತಪ್ಪಿದೆಯೆಂದು ದರ್ಜಿಯ ಮೇಲೆ ಜಗಳಕ್ಕೆ ಹೋದವನು ನಾನು.

ಠರಾವು ಸರ್ವಾನುಮತದಿಂದ ರದ್ದಾಗಿದೆ. ಮುಂದಿನ ಭಾನುವಾರ ಎರಡನೆಯ ಪ್ಲೇಟು, ಎರಡೂ ಬದಿ.