ಅಪ್ಪನ ಜಾಗದಲ್ಲಿ ಮಾವ

ದೊಡ್ಡಮ್ಮನ ತೋರುಬೆರಳಿನ ತುದಿಯಲ್ಲಿ ಯಾವಾಗಲೂ ವೀಳ್ಯದ ಸುಣ್ಣ. ಆ ಬೆರಳಿನಿಂದಲೇ ನನ್ನ ಫೋನನ್ನು ಕುಟ್ಟಿ, "ಇದೆಂತ ಮಾರಾಯ? ಮಾವನನ್ನು ನನ್ನ ಅಪ್ಪ ಮಾಡಿ ಇಟ್ಟಿದ್ದಾರಲ್ಲ!" ಎಂದು ಗುಡುಗಿದರು.

ಈಶ್ವರಮಂಗಲದಲ್ಲಿದ್ದ ಅವರು ನನ್ನ ಅಮ್ಮನ ದೊಡ್ಡಮ್ಮನ ಮಗಳು, ಹಾಗಾಗಿ ನನಗೆ ದೊಡ್ಡಮ್ಮ. ನಮ್ಮ ವಂಶವೃಕ್ಷವನ್ನು ಅಂತರ್ಜಾಲದಲ್ಲಿ ಹಾಕಿದವನು ಮುಂಬೈಯ ಒಬ್ಬ ಸಂಬಂಧಿಕ. ತೋರಿಸಿ ಬೈಸಿಕೊಂಡವನು ನಾನು. ನಮ್ಮಲ್ಲಿ ಹಿಂದೆ ಮನೆಯ ಯಜಮಾನ ಎಂದರೆ ಅಮ್ಮನ ಅಣ್ಣ, ಅಂದರೆ ಮಾವ. ಮಕ್ಕಳು ಅಮ್ಮನ ಮನೆಯವರು, ಅಪ್ಪ ಬಂದು ಹೋಗುವವರು. ಮುಂಬೈಯವನು ಯಜಮಾನನ ಹೆಸರು ಕಂಡ ಕೂಡಲೇ ಅಪ್ಪನೆಂದು ತುಂಬಿಸಿಬಿಟ್ಟಿದ್ದ. ತಿದ್ದು ಎಂದರೆ, "ದಾಖಲೆ ಕಳಿಸಿ" ಎಂದ.

ದೊಡ್ಡಮ್ಮ ಬಿಡಲಿಲ್ಲ. "ನನ್ನಪ್ಪ ರಾಮಕುಂಜದಿಂದ ಬರುವಾಗ ಕಿಸೆಯಲ್ಲಿ ಬೆಲ್ಲ ತರ್ತಿದ್ರು. ಮಾವ ಒಳ್ಳೆಯವರೇ, ಆದ್ರೆ ಅಪ್ಪ ಅಲ್ಲ. ನಡಿ, ಹುಡುಕುವ."

ನನ್ನ ರಜೆಗಳೆಲ್ಲ ಹಾಗೆ ಹಾಳಾದವು. ಶಾಲೆಯ ದಾಖಲಾತಿ ಪುಸ್ತಕ ತೆಗೆಸಿದರೆ ಅವರನ್ನು ಶಾಲೆಗೆ ಸೇರಿಸಿದವರು ಮಾವ. ಆಸ್ತಿ ಹಂಚಿದ ಪಾಲುಪಟ್ಟಿಯಲ್ಲಿ ಅಮ್ಮ, ಮಾವ, ಮಕ್ಕಳು. ಅಪ್ಪಂದಿರ ಸುಳಿವೇ ಇಲ್ಲ. ಮೂಲ ದಾಖಲೆ ನೋಡಿದರೆ ಎಲ್ಲ ಸರಿಹೋಗುತ್ತದೆ ಎನ್ನುವವರನ್ನು ಒಮ್ಮೆ ದೊಡ್ಡಮ್ಮನ ಜೊತೆ ಕಳಿಸಬೇಕು! ದಾರಿಯುದ್ದಕ್ಕೂ ಬೈಗುಳ ನನಗೇ: "ನಿನ್ನ ಕಾಗದಗಳಿಗೆ ನನ್ನಪ್ಪನನ್ನು ಕಂಡ್ರೆ ಆಗುದಿಲ್ವಾ?"

ಕೊನೆಗೆ ಪುತ್ತೂರಿನಲ್ಲಿ ಜನನ ರಿಜಿಸ್ಟರಿನ ನಕಲು ಸಿಕ್ಕಿತು. ಅದರಲ್ಲಿ ಅಪ್ಪನ ಹೆಸರಿತ್ತು. ಮಗು ಹುಟ್ಟಿದೆ ಎಂದು ಹೋಗಿ ಬರೆಸಿದವರೂ ಅವರೇ. ಕಣ್ಣೊರೆಸಿಕೊಂಡ ದೊಡ್ಡಮ್ಮ ಮರುಕ್ಷಣವೇ ರೇಗಿದರು: "ನನಗೆ ಗೊತ್ತಿದ್ದದ್ದೇ. ಕಾಗದ ಬೇಕಾದ್ದು ನಿಮಗೆ."

ಫೋಟೊ ಕಳಿಸಿದೆ, ಮುಂಬೈಯವನು ತಿದ್ದಿದ. ಆದರೆ ಅಷ್ಟರಲ್ಲಿ ಹಳೆಯ ತಪ್ಪನ್ನು ಬೇರೆ ಯಾರೋ ನಕಲು ಮಾಡಿಕೊಂಡಿದ್ದರು. ಅಂತರ್ಜಾಲದಲ್ಲಿ ಆ ನಕಲೂ ನಮ್ಮ ವಂಶವೃಕ್ಷವೂ ಒಂದಾಗಿ ಮಾವ ಮತ್ತೆ ಅಪ್ಪನಾದರು. ತಲೆ ಚಚ್ಚಿಕೊಂಡೆ.

ಈ ವರ್ಷ ದೊಡ್ಡಮ್ಮ ತೀರಿಕೊಂಡರು. ಮರಣ ನೋಂದಾಯಿಸಲು ಪಂಚಾಯತಿಗೆ ಹೋದಾಗ, ಸಾವಿಗೆಂದು ಊರಿಗೆ ಬಂದಿದ್ದ ಮುಂಬೈಯವನೂ ಜೊತೆಗಿದ್ದ. ಗುಮಾಸ್ತರು ಅಪ್ಪನ ಹೆಸರು ಕೇಳಿದರು. ಈ ಪುಣ್ಯಾತ್ಮ, ತಾನೇ ತಿದ್ದಿದ್ದನ್ನು ಮರೆತು, ಫೋನ್ ನೋಡಿ ಮಾವನ ಹೆಸರು ಓದಿದ. ಅವರು ಬರೆದೂಬಿಟ್ಟರು.

"ಹರಿಯಿರಿ ಅದನ್ನು!" ನನ್ನ ಕೂಗಿಗೆ ಎಲ್ಲರೂ ತಿರುಗಿದರು.

"ಎಂತ ಮಾರಾಯ್ರೆ, ಒಂದು ಹೆಸರಿಗೆ ಇಷ್ಟು ಗಲಾಟೆಯಾ?" ಎಂದರು ಗುಮಾಸ್ತರು.

ಹೌದು, ಒಂದು ಹೆಸರಿಗೆ. ಆ ಹಠವನ್ನು ನನಗೆ ಕೊಟ್ಟು ಹೋದವರು ದೊಡ್ಡಮ್ಮನೇ. ಹೊಸ ಫಾರಂ ಕೇಳಿ ಪಡೆದು ನಾನೇ ತುಂಬಿದೆ. ದೊಡ್ಡಮ್ಮ ತಮ್ಮ ಅಪ್ಪನ ಮಗಳಾಗಿಯೇ ಹೋದರು.