ಭಿಕ್ಷೆಯ ಪಾಯಿಂಟ್

ಆಗೆಲ್ಲ ಸುಗ್ಗಿ ಮುಗಿದರೆ ಸಾಕು, ಮಾನ್ವಿಯಲ್ಲಿ ಹುಡುಗಿಯರ ಕಬಡ್ಡಿ ಶುರುವಾಗುತ್ತಿತ್ತು. ಅಂಕಣಕ್ಕೆ ರೈಸ್ ಮಿಲ್ಲಿನ ಹೊಟ್ಟು ಹರಡುತ್ತಿದ್ದರು. ಬಿದ್ದು ಎದ್ದರೆ ಮೈಯೆಲ್ಲ ತುರಿಕೆ. ನಾವು ದೇವದುರ್ಗದಿಂದ ಟಂಟಂನಲ್ಲಿ ಒತ್ತೊತ್ತಾಗಿ ಕುಳಿತು ಹೋಗಿ, ಮಂಡಾಳ ಒಗ್ಗರಣೆ, ಮಿರ್ಚಿ ತಿಂದು, ಎಣ್ಣೆಗೈಯನ್ನು ಪೈಜಾಮಕ್ಕೆ ಒರೆಸಿಕೊಂಡೇ ಆಟಕ್ಕಿಳಿಯುತ್ತಿದ್ದೆವು.

ನನ್ನ ಎಡಗಾಲು ಹುಟ್ಟಿನಿಂದಲೇ ಸಣ್ಣದು. ನಮ್ಮ ಓಣಿಯ ಹುಡುಗಿಯರಿಗೆ ಅದೊಂದು ಸುದ್ದಿಯೇ ಅಲ್ಲ. ನುಸುಳುವುದರಲ್ಲಿ ನಾನು ಗಟ್ಟಿಗಿತ್ತಿ ಎಂದು ಕ್ಯಾಪ್ಟನ್ ಬಸಮ್ಮ ತಂಡಕ್ಕೆ ಎಳೆದುಕೊಂಡಿದ್ದಳು.

ಆ ವರ್ಷ ನಾನು ರೈಡಿಗೆ ಹೊರಟಾಗ, ಉಳಿದವರನ್ನೆಲ್ಲ ಹೆಸರು ಹಿಡಿದು ಕರೆಯುತ್ತಿದ್ದ ಮೈಕಿನ ಕಾಕಾ ಕೂಗಿದ: “ನೋಡ್ರೆಪಾ, ಪಾಪ, ಕುಂಟ ಹುಡುಗಿ ಬಂತು! ಚಪ್ಪಾಳಿ ಹೊಡೀರಿ!”

ಚಪ್ಪಾಳೆ ಬಿತ್ತು. ಎದುರು ತಂಡದ ಸಿರವಾರದ ಹುಡುಗಿಯರು ಸುಮ್ಮನೆ ನಿಂತುಬಿಟ್ಟರು. ಇಬ್ಬರನ್ನು ಮುಟ್ಟಿ ಬಂದೆ, ಒಬ್ಬರೂ ಹಿಡಿಯಲಿಲ್ಲ. ಭಿಕ್ಷೆಯ ಪಾಯಿಂಟ್! ಮೈ ಉರಿದುಹೋಯಿತು. ನೇರ ಮೈಕಿನ ಮುಂದೆ ಹೋಗಿ ನಿಂತೆ.

“ಕಾಕಾ, ನನಗೂ ಹೆಸರದ. ಹುಲಿಗೆಮ್ಮ. ಈ ಪಾಯಿಂಟ್ ನಮಗ ಬ್ಯಾಡ.”

“ಯವ್ವಾ, ನಿನ್ನ ಹೊಗಳಾಕತ್ತೀನಿ ನಾನು!”

“ಹೊಗಳಬ್ಯಾಡ್ರಿ. ಹೆಸರು ಹೇಳ್ರಿ.”

ಬಸಮ್ಮ ಗೆರೆಯ ಮೇಲೆಯೇ ಕುಳಿತಳು. ತಂಡವೂ ಕುಳಿತಿತು.

“ಏಳದಿದ್ರ ಸೋತ್ರಿ ಅಂತ ಬರೀತೀನಿ,” ಅಂಪೈರ್ ಗದರಿದರು.

“ಬರೀರಿ,” ಎಂದಳು ಬಸಮ್ಮ.

ಬಹಳ ಹೊತ್ತು ಗದ್ದಲವಾಯಿತು. ಕೊನೆಗೆ ಮೈಕಿನಲ್ಲಿ ಬಂತು: “ಈ ರೈಡ್ ಮತ್ತೊಮ್ಮಿ. ದೇವದುರ್ಗದ ಹುಲಿಗೆಮ್ಮ!”

ಗೆರೆಯ ಹತ್ತಿರ ನಿಂತು ಸಿರವಾರದವರಿಗೆ ಹೇಳಿದೆ: “ಧೈರ್ಯ ಇದ್ರ ಹಿಡೀರಿ ಬೇ!”

ಹಿಡಿದರು. ಕಾಲು, ಸೊಂಟ, ಜಡೆ, ಕೈಗೆ ಸಿಕ್ಕಿದ್ದೆಲ್ಲ. ಹೊಟ್ಟಿನಲ್ಲಿ ಮುಖ ಹೂತು ಔಟಾದೆ. ಆಟವನ್ನೂ ಸೋತೆವು. ಅಷ್ಟು ಖುಷಿ ನನಗೆ ಮುಂದೆ ಯಾವ ಗೆಲುವಿನಲ್ಲೂ ಸಿಗಲಿಲ್ಲ.

ಈಚೆಗೆ ರಾಯಚೂರಿನ ಒಂದು ಕ್ರೀಡಾಕೂಟಕ್ಕೆ ನನ್ನನ್ನು ಅತಿಥಿಯಾಗಿ ಕರೆದಿದ್ದರು. ಬ್ಯಾನರಿನಲ್ಲಿ, ಭಾಷಣದಲ್ಲಿ ನಮ್ಮಂಥವರ ಬಗ್ಗೆ ಮಾತೆಲ್ಲ ಮರ್ಯಾದೆಯದು. ಒಳ್ಳೆಯದೇ, ಅದನ್ನು ಯಾರೂ ಪುಕ್ಕಟೆ ಕೊಟ್ಟಿಲ್ಲ, ಜಗಳವಾಡಿ ಪಡೆದಿದ್ದೇವೆ. ಆದರೆ ಅಂಕಣದಲ್ಲಿ ನನ್ನಂಥವಳು ಒಬ್ಬಳೂ ಇರಲಿಲ್ಲ. ಯಾಕೆಂದು ಸಂಘಟಕರನ್ನು ಕೇಳಿದೆ.

“ಬಿದ್ದುಗಿದ್ದಾರು ಅಂತ ತಗೊಂಡಿಲ್ರಿ ಮೇಡಂ,” ಎಂದರು, ಬಹಳ ವಿನಯದಿಂದ.

ತಂಡಕ್ಕೆ ಎಳೆದುಕೊಳ್ಳುತ್ತಿದ್ದ ಬಸಮ್ಮಂದಿರು ಎಲ್ಲಿ ಹೋದರೋ! ಭಾಷಣ ಬಿಟ್ಟು ಮೈಕಿನಲ್ಲಿ ಇಷ್ಟೇ ಹೇಳಿ ಇಳಿದೆ:

“ಎಲ್ಲಾರೂ ಬೀಳ್ತಾರ. ನಮ್ಮನ್ನೂ ಬೀಳಾಕ ಬಿಡ್ರಿ.”