ದೋಣಿಗಲ್ ಏರಿನಲ್ಲಿ ಎಸಿ

ಹಳೆಯ ಜಪಾನಿ ಸೆಡಾನ್ ಎಂದರೆ ನಮ್ಮ ಮನೆಯವರಿಗೆ ಪ್ರಾಣ. ಮಂಗಳೂರಿನಿಂದ ಬರುವಾಗ ಘಾಟಿಯ ದೋಣಿಗಲ್ ಏರು ಸಿಕ್ಕಿತೆಂದರೆ ಸಾಕು, ಇಂಜಿನ್‌ಗೆ ಭಾರವಾಗುತ್ತದೆಂದು ಎಸಿ ಆರಿಸಿ ಕಿಟಕಿ ಇಳಿಸಿಬಿಡುವರು.

"ಹದಿನಾರು ವಾಲ್ವಿನ ಇಂಜಿನ್ ಕಣೆ, ಹೆಂಗೆ ಹಾಡ್ತೈತೆ ಕೇಳು!"

ಲಾರಿಗಳ ಧೂಳು ಕುಡಿಯುತ್ತ ನಾನು ದಾರಿಯುದ್ದಕ್ಕೂ ಸಿಡುಕುತ್ತಿದ್ದೆ.

ಅವರು ತೀರಿಕೊಂಡ ಮೇಲೆ ಮಗಳು ಅದೇ ಕಾರಿನ ಹೊಸ ಮಾದರಿ ಕೊಂಡಳು. ಇದು ಹೈಬ್ರಿಡ್ಡಂತೆ, ನಿಧಾನಕ್ಕೆ ಹೋಗುವಾಗ ಬ್ಯಾಟರಿಯೇ ಎಳೆಯುತ್ತದಂತೆ. ಮೊನ್ನೆ ಅದೇ ಏರಿನಲ್ಲಿ ನನ್ನ ಕೈ ತಾನಾಗಿ ಎಸಿ ಆರಿಸಿತು. ಕಿಟಕಿಯನ್ನೂ ಇಳಿಸಿದೆ.

"ಇದಕ್ಕೆ ಅದೆಲ್ಲ ಬೇಕಾಗಿಲ್ಲ ಕಣಮ್ಮ," ಅಂದಳು ಮಗಳು.

"ಗೊತ್ತೈತೆ, ಸುಮ್ನೆ ಓಡ್ಸು."

ಲಾರಿಗಳ ಹಿಂದೆ ಕಾರು ಸದ್ದೇ ಇಲ್ಲದೆ ತೆವಳಿತು. ಧೂಳೆಲ್ಲ ಮುಖಕ್ಕೆ ಬಂತು. ಸಿಡುಕೋಣವೆಂದರೆ ಅವರಿಲ್ಲ.